ಜಾಝ್ ಗಿಟಾರಿಗೆ ಹಗುರವಾದ ಆಂಪ್: ಯಾವ ಭಾರ ಇಳಿಸಬಹುದು, ಯಾವುದನ್ನು ಇಳಿಸಬಾರದು

ಕಾಸರಗೋಡಿನಲ್ಲಿ ಗಿಟಾರ್ ಹಿಡಿದವರ ಓಡಾಟ ಎಂಥದ್ದು ಅಂತ ನಿಮಗೇ ಗೊತ್ತು. ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಹಾಡಿಗೆ ನುಡಿಸಬೇಕು. ಸಂಜೆ ಉಪ್ಪಳದಲ್ಲೋ ಮಂಜೇಶ್ವರದಲ್ಲೋ ಮದುವೆ ರಿಸೆಪ್ಶನ್. ನಡುವೆ ಯಾವತ್ತಾದರೂ ಬೇಕಲದ ಕಡೆಯ ರೆಸಾರ್ಟಿನಲ್ಲಿ ಎರಡು ಗಂಟೆ. ಜಾಝ್ ನುಡಿಸುವ ಜೊತೆಗಾರರು ಬೇಕೆಂದರೆ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಬೇಕು. ನಿಮ್ಮಲ್ಲಿ ಹೆಚ್ಚಿನವರು ಹೋಗುವುದು ಬಸ್ಸಿನಲ್ಲಿ, ಇಲ್ಲವೇ ರೈಲಿನಲ್ಲಿ. ಬೆನ್ನಿಗೆ ಗಿಟಾರ್, ಒಂದು ಕೈಯಲ್ಲಿ ಆಂಪ್ (ಗಿಟಾರಿನ ದನಿ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ), ಇನ್ನೊಂದು ಕೈ ಬಸ್ಸಿನ ಕಂಬಿ ಹಿಡಿಯಲಿಕ್ಕೆ ಬೇಕು. ಹಾಗಾಗಿ ಆಂಪಿನ ತೂಕ ಅನ್ನುವುದು ನಮಗೆ ಚಿಕ್ಕ ವಿಷಯ ಅಲ್ಲ. ಆಂಪ್ ಭಾರ ಆದರೆ ಎರಡು ಸಲ ಹೊತ್ತು ಮೂರನೇ ಸಲ ಮನೆಯಲ್ಲೇ ಬಿಡುತ್ತೀರಿ. ಅಲ್ಲಿದ್ದ ಯಾವುದೋ ಮೈಕ್ ಸೆಟ್ಟಿಗೆ ಗಿಟಾರ್ ಚುಚ್ಚಿ ನುಡಿಸುತ್ತೀರಿ. ಅಲ್ಲಿಗೆ ಜಾಝಿನ ದನಿ ಮುಗಿಯಿತು.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆಂಪಿನ ತೂಕ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ: ಟ್ರಾನ್ಸ್‌ಫಾರ್ಮರ್, ಸ್ಪೀಕರಿನ ಅಯಸ್ಕಾಂತ, ಮರದ ಬಾಕ್ಸ್. ಮೊದಲಿನ ಎರಡು ಭಾರವನ್ನು ಇವತ್ತು ದನಿ ಕೆಡದ ಹಾಗೆ ಇಳಿಸಬಹುದು. ಮೂರನೆಯದನ್ನು ಇಳಿಸುವಾಗ ಮಾತ್ರ ಎಚ್ಚರ ಬೇಕು. ಅಂಗಡಿಯಲ್ಲಿ ಹಗುರ ಅಂತ ಮಾರುವ ಆಂಪ್ ಯಾವ ಭಾರವನ್ನು ಇಳಿಸಿ ಹಗುರ ಆಗಿದೆ ಅಂತ ನೋಡಲು ಕಲಿತರೆ ಅರ್ಧ ಕೆಲಸ ಆದಂತೆ.

ಮೊದಲು, ಜಾಝಿಗೆ ಯಾಕೆ ಬೇರೆ ಆಂಪ್ ಬೇಕು? ರಾಕ್ ನುಡಿಸುವವರಿಗೆ ಆಂಪ್ ಸ್ವಲ್ಪ ಒಡೆದರೆ, ಅಂದರೆ ದನಿ ಸೀಳಿ ಒರಟಾದರೆ, ಖುಷಿ. ನಮಗೆ ಅದು ಆಗುವುದಿಲ್ಲ. ಕಾರಣ ಒಟ್ಟಿಗೆ ಹಲವು ಸ್ವರ ನುಡಿಸುವ ನಮ್ಮ ಕಾರ್ಡ್‌ಗಳಲ್ಲಿದೆ. ಎರಡೇ ಸ್ವರದ ಪವರ್ ಕಾರ್ಡ್ ಒಡೆದ ಆಂಪಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಆದರೆ ನೈಂತ್, ಥರ್ಟೀಂತ್ ಅಂತ ನಾಲ್ಕೈದು ಸ್ವರದ ಕಾರ್ಡ್ ಹಿಡಿದಾಗ ಒಳಗೆ ಅಕ್ಕಪಕ್ಕದ ಸ್ವರಗಳು ಇರುತ್ತವೆ. 440 ಹರ್ಟ್ಸ್‌ನ ಎ ಮತ್ತು 494 ಹರ್ಟ್ಸ್‌ನ ಬಿ ಒಟ್ಟಿಗೆ ನುಡಿದವು ಅಂತ ಇಟ್ಟುಕೊಳ್ಳಿ. ಆಂಪ್ ಒಡೆಯಲು ಶುರು ಮಾಡಿದ ಕೂಡಲೇ ಅವೆರಡರ ವ್ಯತ್ಯಾಸವಾದ 54 ಹರ್ಟ್ಸ್ ಹೊಸದಾಗಿ ಹುಟ್ಟುತ್ತದೆ. ಎರಡರ ಮೊತ್ತವೂ ಹುಟ್ಟುತ್ತದೆ. ನೀವು ನುಡಿಸದ ಸ್ವರಗಳು ಇವು, ನಿಮ್ಮ ಕಾರ್ಡಿಗೆ ಸಂಬಂಧವೇ ಇಲ್ಲದವು. ಐದು ಸ್ವರ ಇದ್ದರೆ ಇಂಥ ಜೋಡಿಗಳು ಹತ್ತು. ಕೇಳುವವರಿಗೆ ಬರೀ ಕೆಸರು. ಅದಕ್ಕೇ ನಮಗೆ ಸ್ವಚ್ಛ ದನಿ ಬೇಕು, ಜೋರಾಗಿ ಬಾರಿಸಿದಾಗಲೂ ಒಡೆಯದಷ್ಟು ಮಿಗತೆ ಬೇಕು. ಇದಕ್ಕೆ ಹೆಡ್‌ರೂಮ್ ಅನ್ನುತ್ತಾರೆ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ಕೌಂಟ್ ಬೇಸಿಯ ಬ್ಯಾಂಡಿನಲ್ಲಿ ಫ್ರೆಡ್ಡಿ ಗ್ರೀನ್ 1937ರಿಂದ 1987ರಲ್ಲಿ ತೀರಿಹೋಗುವವರೆಗೂ ಗಿಟಾರ್ ನುಡಿಸಿದರು. ಹೆಚ್ಚು ಕಮ್ಮಿ ಆ ಪೂರ್ತಿ ಕಾಲ ಆಂಪ್ ಇಲ್ಲದೆ, ಬೀಟಿಗೊಂದು ಕಾರ್ಡ್ ಬಾರಿಸುತ್ತಾ. ಅವರದ್ದು ತಾಳದ ಕೆಲಸ, ಅಷ್ಟು ಸಾಕಿತ್ತು. ಆದರೆ ಅದೇ ಕಾಲದಲ್ಲಿ ಚಾರ್ಲಿ ಕ್ರಿಶ್ಚಿಯನ್ ಅನ್ನುವ ಹುಡುಗನಿಗೆ ಸ್ಯಾಕ್ಸೊಫೋನ್ ಹಾಗೆ ಎದ್ದು ನಿಂತು ಸೋಲೊ ನುಡಿಸಬೇಕಿತ್ತು. ಗಿಬ್ಸನ್ ಕಂಪೆನಿ 1936ರಲ್ಲಿ ಇಎಸ್-150 ಅನ್ನುವ ಎಲೆಕ್ಟ್ರಿಕ್ ಗಿಟಾರ್ ತಂದಿತ್ತು. ಅದನ್ನು ಹಿಡಿದು ಆತ 1939ರಲ್ಲಿ ಬೆನ್ನಿ ಗುಡ್‌ಮನ್‌ರ ಬ್ಯಾಂಡ್ ಸೇರಿದ. 1942ರಲ್ಲಿ, 25ನೇ ವಯಸ್ಸಿಗೆ ಕ್ಷಯರೋಗದಿಂದ ಹೋಗಿಬಿಟ್ಟ. ಅಷ್ಟು ಚಿಕ್ಕ ಅವಧಿಯಲ್ಲಿ ಗಿಟಾರನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ತಂದ. ಅದು ಸಾಧ್ಯವಾದದ್ದು ಆಂಪ್ ಇದ್ದದ್ದರಿಂದ. ಜಾಝ್ ಗಿಟಾರಿನಲ್ಲಿ ಆಂಪ್ ಅನ್ನುವುದು ವಾದ್ಯದ ಅರ್ಧ ಭಾಗ. ಗಿಟಾರಿಗೆ ದುಡ್ಡು ಪೂರ್ತಿ ಸುರಿದು ಆಂಪಿಗೆ ಚಿಲ್ಲರೆ ಉಳಿಸುವವರಿಗೆ ನಾನು ಇದನ್ನು ಯಾವಾಗಲೂ ಹೇಳುತ್ತೇನೆ.

ಇನ್ನು ವಾಟ್ ವಿಷಯ. ‘ಮಾಷ್ಟ್ರೇ, ಎಷ್ಟು ವಾಟ್ ತೆಗೆದುಕೊಳ್ಳಲಿ?’ ಅಂತ ಎಲ್ಲರೂ ಕೇಳುತ್ತೀರಿ. 50 ವಾಟಿನದ್ದಕ್ಕಿಂತ 100 ವಾಟಿನದ್ದು ಎರಡು ಪಟ್ಟು ಜೋರು ಅಂತ ನೀವು ಅಂದುಕೊಂಡಿರುತ್ತೀರಿ. ಹಾಗಿಲ್ಲ. ವಾಟ್ ಎರಡು ಪಟ್ಟಾದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್ ಬೇಕು. ಅದಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವುದು ಸ್ಪೀಕರ್. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅಂತ ಸ್ಪೀಕರಿನ ವಿವರದಲ್ಲಿ ಬರೆದಿರುತ್ತಾರೆ. ಒಳ್ಳೆಯ 12 ಇಂಚಿನ ಗಿಟಾರ್ ಸ್ಪೀಕರ್ 97ರಿಂದ 100ರವರೆಗೆ ಇರುತ್ತದೆ. ಚಿಕ್ಕ ಸ್ಪೀಕರ್ 90ರ ಆಸುಪಾಸು ಇರಬಹುದು. ಆ 10 ಡೆಸಿಬೆಲ್ ತುಂಬಿಸಲು ಚಿಕ್ಕ ಸ್ಪೀಕರಿಗೆ ಹತ್ತು ಪಟ್ಟು ವಾಟ್ ಬೇಕು. ಆರೂವರೆ ಇಂಚಿನ ಸ್ಪೀಕರ್ ಇರುವ ಪುಟ್ಟ ಆಂಪಿನ ಮೇಲೆ 120 ವಾಟ್, 200 ವಾಟ್ ಅಂತ ಬರೆದಿರುವುದನ್ನು ನೋಡಿ ಬೆರಗಾಗಬೇಡಿ. ಅದಕ್ಕೆ ಅಷ್ಟು ಬೇಕೇ ಬೇಕು.

ಈಗ ಮೂರು ಭಾರಗಳಿಗೆ ಬರುತ್ತೇನೆ.

ಹಳೆಯ ಆಂಪ್ ಎತ್ತಿದಾಗ ಒಂದು ಬದಿಗೆ ವಾಲುತ್ತದೆ, ಗಮನಿಸಿದ್ದೀರಾ? ವಾಲುವ ಬದಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ತಿರುಗುತ್ತದೆ. ಒಂದೊಂದು ತಿರುವಿನಲ್ಲೂ ತುಂಬಾ ಶಕ್ತಿ ದಾಟಿಸಬೇಕು, ಅದಕ್ಕೆ ದಪ್ಪ ಕಬ್ಬಿಣ ಬೇಕು. ಹೊಸ ಆಂಪ್‌ಗಳಲ್ಲಿ ಸ್ವಿಚಿಂಗ್ ಸಪ್ಲೈ ಇರುತ್ತದೆ, ನಿಮ್ಮ ಮೊಬೈಲ್ ಚಾರ್ಜರಿನಲ್ಲಿ ಇರುವಂಥದ್ದೇ. ಅದು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ, ಲಕ್ಷ ಸಲ ಕತ್ತರಿಸಿ ದಾಟಿಸುತ್ತದೆ. ಬಾವಿಯಿಂದ ದೊಡ್ಡ ಕೊಡಪಾನದಲ್ಲಿ ನಿಧಾನವಾಗಿ ಎಳೆದರೂ, ಚೊಂಬಿನಲ್ಲಿ ತುಂಬಾ ಬೇಗ ಬೇಗ ಎಳೆದರೂ ಗಂಟೆಗೆ ಬರುವ ನೀರು ಒಂದೇ ಆಗಬಹುದು, ಅಲ್ವಾ? ಇಲ್ಲೂ ಹಾಗೇ. ಹಾಗಾಗಿ ಅಂಗೈಯಷ್ಟು ಟ್ರಾನ್ಸ್‌ಫಾರ್ಮರ್ ಸಾಕು. ಇದರ ಜೊತೆಗೆ ಕ್ಲಾಸ್ ಡಿ ಪವರ್ ಆಂಪ್ ಬಂತು. ಅದು ಶಕ್ತಿಯನ್ನು ಬಿಸಿಯಾಗಿ ಪೋಲು ಮಾಡುವುದು ತೀರಾ ಕಡಿಮೆ. ಹಾಗಾಗಿ ದಪ್ಪ ಅಲ್ಯೂಮಿನಿಯಂ ರೆಕ್ಕೆಗಳೂ ಬೇಡ.

ಟ್ಯೂಬ್ ಆಂಪಿನಲ್ಲಿ, ಅಂದರೆ ಹಳೆಯ ಗಾಜಿನ ವಾಲ್ವ್ ಇರುವ ಆಂಪಿನಲ್ಲಿ, ಇನ್ನೊಂದು ಟ್ರಾನ್ಸ್‌ಫಾರ್ಮರ್ ಇದೆ, ಟ್ಯೂಬಿನಿಂದ ಸ್ಪೀಕರಿಗೆ ಹೋಗುವಲ್ಲಿ. ಅದನ್ನು ತೆಗೆಯಲಿಕ್ಕೆ ಆಗುವುದಿಲ್ಲ. ಟ್ಯೂಬಿನ ಸೊಗಸೇ ಬೇರೆ ಅನ್ನುವವರಿದ್ದಾರೆ. ನಾನೂ ಒಪ್ಪುತ್ತೇನೆ. ಜಾಝ್ ಗಿಟಾರ್ ವಾದಕ ಜಿಮ್ ಹಾಲ್ ಗಿಬ್ಸನ್ ಜಿಎ-50 ಟ್ಯೂಬ್ ಆಂಪಿನಲ್ಲಿ ನುಡಿಸಿದ್ದನ್ನು ಕೇಳಿದವರು ಹೇಗೆ ಅಲ್ಲಗಳೆಯಲಿ? ಆದರೆ ಟ್ಯೂಬಿನ ದೊಡ್ಡ ಗುಣ ಅಂದರೆ ಅದು ಮೃದುವಾಗಿ ಒಡೆಯುತ್ತದೆ. ನಾವು ಒಡೆಯುವ ಹತ್ತಿರಕ್ಕೂ ಹೋಗದೆ ನುಡಿಸುವವರು. ಜಾಝ್ ನುಡಿಸುವವರು ಟ್ರಾನ್ಸಿಸ್ಟರ್ ಆಂಪನ್ನು ಬೇಗ ಮನಸಾರೆ ಒಪ್ಪಿಕೊಂಡದ್ದು ಅದಕ್ಕೇ. ಪಾಲಿಟೋನ್ ಕಂಪೆನಿಯ ಮಿನಿ-ಬ್ರೂಟ್ ಪೂರ್ತಿ ಟ್ರಾನ್ಸಿಸ್ಟರ್. ಹೆಸರಾಂತ ಜಾಝ್ ಗಿಟಾರ್ ವಾದಕ ಜೋ ಪಾಸ್ ಪಾಲಿಟೋನಿನಲ್ಲಿ ನುಡಿಸಿದರು. ಆ ಕಂಪೆನಿ ಕಟ್ಟಿದ ಟಾಮಿ ಗುಮೀನಾ ಅಕಾರ್ಡಿಯನ್ ವಾದಕರು! ಇನ್ನೊಬ್ಬ ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥೀನಿ ಎಷ್ಟೋ ವರ್ಷ ಬಳಸಿದ ಅಕೌಸ್ಟಿಕ್ 134 ಕೂಡ ಟ್ರಾನ್ಸಿಸ್ಟರ್ ಆಂಪೇ. ಹಾಗಾಗಿ ಟ್ಯೂಬ್ ಇಲ್ಲದಿದ್ದರೆ ಜಾಝ್ ಅಲ್ಲ ಅಂತ ಯಾರಾದರೂ ಹೇಳಿದರೆ ಚಿಂತೆ ಮಾಡಬೇಡಿ. ಕಬ್ಬಿಣದ ಭಾರವನ್ನು ಧೈರ್ಯವಾಗಿ ಇಳಿಸಿ.

ಎರಡನೆಯದು ಅಯಸ್ಕಾಂತ. ಸೆರಾಮಿಕ್ ಅಯಸ್ಕಾಂತದ 12 ಇಂಚಿನ ಸ್ಪೀಕರ್ 3ರಿಂದ 5 ಕಿಲೋ ತೂಗುತ್ತದೆ. ನಿಯೋಡೈಮಿಯಂ ಹಾಕಿದರೆ ಸುಮಾರು 2 ಕಿಲೋಗೆ ಇಳಿಯುತ್ತದೆ. ಈ ಅಯಸ್ಕಾಂತ ಬಂದದ್ದು 1980ರ ದಶಕದಲ್ಲಿ. ಮೊದಮೊದಲು ಬಂದ ನಿಯೋಡೈಮಿಯಂ ಗಿಟಾರ್ ಸ್ಪೀಕರ್‌ಗಳ ದನಿ ಸ್ವಲ್ಪ ಚೂಪು ಅನ್ನುವ ದೂರು ಇತ್ತು. ಈಗಿನವು ಹಾಗಿಲ್ಲ. ದನಿಯನ್ನು ಹೆಚ್ಚು ನಿರ್ಧರಿಸುವುದು ಕಾಗದದ ಕೋನ್ ಮತ್ತು ಕಾಯಿಲ್. ಈ ಭಾರವನ್ನೂ ಇಳಿಸಿ.

ಮೂರನೆಯದು ಬಾಕ್ಸ್. ಇಲ್ಲಿ ನಿಧಾನ ಮಾಡಬೇಕು. ಸ್ಪೀಕರ್ ಲೋಕದಲ್ಲಿ ಹಾಫ್‌ಮನ್ನರ ಉಕ್ಕಿನ ನಿಯಮ ಅಂತ ಒಂದಿದೆ. ಮೂರು ಸಂಗತಿ ನಿಮಗೆ ಬೇಕು: ಕಡಿಮೆ ವಾಟಿಗೆ ಹೆಚ್ಚು ಶಬ್ದ, ತಗ್ಗಿನ ಸ್ವರ ತುಂಬಿ ಬರುವುದು, ಬಾಕ್ಸ್ ಚಿಕ್ಕದಾಗಿರುವುದು. ಎರಡು ಸಿಗುತ್ತವೆ, ಮೂರನೆಯದನ್ನು ಬಿಡಬೇಕು. ಇದನ್ನು ಹೇಳಿದ ಆಂಟನ್ ಹಾಫ್‌ಮನ್ ಕೆಎಲ್ಎಚ್ ಅನ್ನುವ ಸ್ಪೀಕರ್ ಕಂಪೆನಿ ಕಟ್ಟಿದ ಮೂವರಲ್ಲಿ ಒಬ್ಬರು, ಹೆಸರಿನ ಕೊನೆಯ ಎಚ್ ಅವರದ್ದೇ. ಅವರ ತಂದೆ ಯೋಸೆಫ್ ಹಾಫ್‌ಮನ್ ಹೆಸರಾಂತ ಪಿಯಾನೊ ವಾದಕರು. ಪಿಯಾನೊ ಕೇಳುತ್ತಾ ಬೆಳೆದವರಿಗೆ ತಗ್ಗಿನ ಸ್ವರದ ಬೆಲೆ ಚೆನ್ನಾಗಿ ತಿಳಿದಿರಬೇಕು ಅಂತ ನನಗೆ ಅನ್ನಿಸುತ್ತದೆ.

ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಸ್. ಆ ಸ್ವರದ ಒಂದು ಅಲೆ ಗಾಳಿಯಲ್ಲಿ 4 ಮೀಟರಿಗಿಂತ ಉದ್ದ. ಅಷ್ಟು ಉದ್ದದ ಅಲೆ ಎಬ್ಬಿಸಲು ತುಂಬಾ ಗಾಳಿ ತಳ್ಳಬೇಕು. ಪುಟ್ಟ ಬಾಕ್ಸಿನವರು ಏನು ಮಾಡುತ್ತಾರೆ? ದಕ್ಷತೆ ಬಿಡುತ್ತಾರೆ. ಚಿಕ್ಕ ಸ್ಪೀಕರ್, ತುಂಬಾ ವಾಟ್, ಬಾಕ್ಸಿಗೊಂದು ಗಾಳಿಕಿಂಡಿ. ಹೆನ್ರಿಕ್ಸನ್ ಕಂಪೆನಿಯ ಬಡ್ ಹೀಗೆ ಮಾಡಿದ ಆಂಪ್: ಆರೂವರೆ ಇಂಚಿನ ಸ್ಪೀಕರ್, 120 ವಾಟ್, 8 ಕಿಲೋಗಿಂತ ಕಡಿಮೆ. ಮೆಲ್ಲಗೆ ಮತ್ತು ಮಧ್ಯಮವಾಗಿ ನುಡಿಸುವಾಗ ಇದು ಬಹಳ ಚೆನ್ನಾಗಿ ಕೇಳುತ್ತದೆ. ಜೋರು ಮಾಡುತ್ತಾ ಹೋದಾಗ ಒಂದು ಹಂತ ಬರುತ್ತದೆ. ಎತ್ತರದ ಸ್ವರ ಏರುತ್ತದೆ, ತಗ್ಗಿನದು ಏರುವುದಿಲ್ಲ. ಡ್ರಮ್ಮಿನವರು ಕಡ್ಡಿಯಿಂದ ಬಾರಿಸಲು ಶುರು ಮಾಡಿದಾಗ ಆ ಹಂತ ಬೇಗ ಬರುತ್ತದೆ. ಯಾವ ಚಿಕ್ಕ ಆಂಪಿನಲ್ಲೂ ಇದು ಇದ್ದದ್ದೇ.

ಹಾಗಾದರೆ ಚಿಕ್ಕ ಬಾಕ್ಸ್ ಬೇಡವೇ? ನಿಮ್ಮ ಜೊತೆ ಯಾರಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಬೇಸ್ ನುಡಿಸುವವರು ಇದ್ದರೆ 100 ಹರ್ಟ್ಸಿಗಿಂತ ಕೆಳಗಿನ ಜಾಗ ಅವರದ್ದು. ಅಲ್ಲಿ ನೀವೂ ತುಂಬಿದರೆ ಇಬ್ಬರೂ ಕೇಳಿಸುವುದಿಲ್ಲ. ಆಗ 8 ಇಂಚಿನ ಸ್ಪೀಕರ್ ಇರುವ ಪುಟ್ಟ ಆಂಪ್ ಧಾರಾಳವಾಗಿ ಸಾಕು. ಡಿವಿ ಮಾರ್ಕ್ ಲಿಟಲ್ ಜಾಝ್ ಅಂಥದ್ದು, 8 ಇಂಚು, 45 ವಾಟ್, ತೂಕ 7 ಕಿಲೋ ಆಸುಪಾಸು. ಆದರೆ ಒಬ್ಬರೇ ನುಡಿಸುವಾಗ, ಅಥವಾ ಹಾಡುಗಾರರೊಬ್ಬರ ಜೊತೆ ಇಬ್ಬರೇ ಇದ್ದಾಗ, ಬೇಸ್ ಸಾಲನ್ನೂ ನಿಮ್ಮ ಹೆಬ್ಬೆರಳೇ ನುಡಿಸಬೇಕು. ಆಗ ಆ ಸಾಲಿಗೆ ಮೈ ಬೇಕು. ಅಲ್ಲಿ ಬಾಕ್ಸಿಗೆ ಎರಡು ಮೂರು ಕಿಲೋ ಜಾಸ್ತಿ ಕೊಡಲು ಹಿಂಜರಿಯಬೇಡಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಒಬ್ಬರೇ ಅಲ್ವಾ, ಚಿಕ್ಕದು ಸಾಕು ಅಂತ ಹೋಗುತ್ತಾರೆ. ಬ್ಯಾಂಡ್ ಇದ್ದರೆ ದೊಡ್ಡದನ್ನು ಹೊರುತ್ತಾರೆ.

ಹೋಲಿಸಲು ಕೆಲವು ತೂಕ ಹೇಳುತ್ತೇನೆ. ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕಿಲೋ. 1975ರಲ್ಲಿ ಬಂದ ರೋಲ್ಯಾಂಡ್ ಜಾಝ್ ಕೋರಸ್ 120 ಸುಮಾರು 28 ಕಿಲೋ. ಎರಡೂ ಒಳ್ಳೆಯ ಸ್ವಚ್ಛ ದನಿಯ ಆಂಪ್‌ಗಳು, ಹೋದಲ್ಲಿ ಇದ್ದರೆ ಖುಷಿಯಿಂದ ನುಡಿಸಿ. ಫೆಂಡರ್ ಡಿಲಕ್ಸ್ ರಿವರ್ಬ್ 22 ವಾಟ್ ಟ್ಯೂಬ್, ಸುಮಾರು 19 ಕಿಲೋ. ಅದೇ ಅಳತೆಯ ಬಾಕ್ಸಿನಲ್ಲಿ 2019ರಲ್ಲಿ ಟೋನ್ ಮಾಸ್ಟರ್ ಅಂತ ತಂದರು. ಟ್ಯೂಬ್ ಇಲ್ಲ, ಒಳಗೆ ಡಿಜಿಟಲ್ ಮತ್ತು ಕ್ಲಾಸ್ ಡಿ, ನಿಯೋಡೈಮಿಯಂ ಸ್ಪೀಕರ್. ತೂಕ ಸುಮಾರು ಹತ್ತೂವರೆ ಕಿಲೋ. ನಾನು ಹೇಳುತ್ತಿರುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕಬ್ಬಿಣ ಹೋಯಿತು, ಅಯಸ್ಕಾಂತ ಹಗುರಾಯಿತು, ಬಾಕ್ಸಿನ ಅಳತೆ ಹಾಗೇ ಉಳಿಯಿತು. 12 ಇಂಚಿನ ಸ್ಪೀಕರಿನ ಮೈ ಹಾಗೇ ಇದೆ. ಆದರೆ ಬೆಲೆ ಜಾಸ್ತಿ, ಬಸ್ಸಿನಲ್ಲಿ ಜಾಗವೂ ಜಾಸ್ತಿ ಬೇಕು. ತೂಕ ಮಾತ್ರ ನೋಡಿದರೆ ಸಾಲದು, ಕಾಲಿನ ಹತ್ತಿರ ಹಿಡಿಯುತ್ತದೆಯೇ ಅಂತಲೂ ನೋಡಬೇಕು.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಜರ್ಮನಿಯ ಎಇಆರ್ ಕಾಂಪ್ಯಾಕ್ಟ್ 60 ಆರೂವರೆ ಕಿಲೋ. ಅದನ್ನು ಮಾಡಿದ್ದು ಅಕೌಸ್ಟಿಕ್ ಗಿಟಾರಿಗೆ, ಆದರೆ ಆರ್ಚ್‌ಟಾಪ್ ಗಿಟಾರ್ ನುಡಿಸುವ ಎಷ್ಟೋ ಜನ ಬಳಸುತ್ತಾರೆ. ಇಂಥ ಆಂಪ್ ಎತ್ತರದ ಸ್ವರಗಳನ್ನು ತುಂಬಾ ಮೇಲಿನವರೆಗೆ ಕೊಡುತ್ತದೆ. ಸಾಮಾನ್ಯ ಗಿಟಾರ್ ಸ್ಪೀಕರ್ 5,000 ಹರ್ಟ್ಸಿನ ಮೇಲೆ ಬೇಗ ಇಳಿದುಬಿಡುತ್ತದೆ. ಹಾಗಾಗಿ ಟ್ವೀಟರ್ (ಎತ್ತರದ ಸ್ವರಕ್ಕೆಂದೇ ಇರುವ ಪುಟ್ಟ ಸ್ಪೀಕರ್) ಇರುವ ಆಂಪ್ ಆದರೆ ಅದನ್ನು ಆಫ್ ಮಾಡಲು ಬರುತ್ತದೆಯೇ ನೋಡಿ. ಇಲ್ಲವಾದರೆ ಗಿಟಾರಿನ ಟೋನ್ ಇಳಿಸಿ ನುಡಿಸಬೇಕು.

ಇನ್ನು ನಮ್ಮ ಊರಿನ ಜಾಗಗಳು. ಇಲ್ಲಿನ ಆಡಿಟೋರಿಯಂಗಳು ಹೇಗಿವೆ? ಟೈಲ್ಸ್ ನೆಲ, ಕಾಂಕ್ರೀಟ್ ಗೋಡೆ, ಮೇಲೆ ಶೀಟ್. ಶಬ್ದ ಹೀರುವಂಥದ್ದು ಒಂದೂ ಇಲ್ಲ. ಅಲ್ಲಿ ತಗ್ಗಿನ ಸ್ವರ ಗುಂಯ್ ಅನ್ನುತ್ತದೆ. ಆಂಪನ್ನು ನೆಲದಲ್ಲಿ ಇಟ್ಟರೆ ಬೇಸ್ ಏರುತ್ತದೆ, ಮೂಲೆಗೆ ತಳ್ಳಿದರೆ ಇನ್ನೂ ಏರುತ್ತದೆ. ಪುಟ್ಟ ಆಂಪಿಗೆ ಇದು ಪುಕ್ಕಟೆ ಸಿಗುವ ಸಹಾಯ. ಆದರೆ ನೆಲದಲ್ಲಿಟ್ಟ ಪುಟ್ಟ ಆಂಪ್ ನಿಮ್ಮ ಮೊಣಕಾಲಿಗೆ ನುಡಿಯುತ್ತದೆ. ನಿಮಗೆ ಕೇಳಿಸುವುದಿಲ್ಲ, ಮೊದಲ ಸಾಲಿನವರಿಗೆ ಕಿವಿ ತೂತಾಗುತ್ತದೆ. ಗೋಡೆಯ ಹತ್ತಿರ ಕುರ್ಚಿಯ ಮೇಲೆ ಇಡಿ, ಇಲ್ಲವೇ ಹಿಂದಕ್ಕೆ ಓರೆ ಮಾಡಿ ಇಡಿ. ಪೊಳ್ಳು ಮೈಯ ಗಿಟಾರ್ ಇದ್ದವರು ಆಂಪಿನ ಎದುರಿಗೆ ಕೂರಬೇಡಿ, ಗಿಟಾರಿನ ಮೈಯೇ ಕೂಗಲು ಶುರು ಮಾಡುತ್ತದೆ. ಒಂದೇ ಸ್ವರವನ್ನು ಕತ್ತರಿಸುವ ನಾಚ್ ಫಿಲ್ಟರ್ ಆಂಪಿನಲ್ಲಿದ್ದರೆ ಈ ಕೂಗಿಗೆ ಒಳ್ಳೆಯ ಮದ್ದು. ಗಟ್ಟಿ ಮೈಯ ಗಿಟಾರ್ ಇರುವವರಿಗೆ ಈ ತಲೆನೋವು ಕಡಿಮೆ. ಕೆನಡಾದ ಎಡ್ ಬಿಕರ್ಟ್ ಟೆಲಿಕಾಸ್ಟರ್ ಅನ್ನುವ ಗಟ್ಟಿ ಮೈಯ ಗಿಟಾರಿನಲ್ಲೇ ಜಾಝ್ ನುಡಿಸಿ ತೋರಿಸಿದ್ದಾರೆ.

ಕರೆಂಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಮನೆಮನೆಯಿಂದ ಒಬ್ಬರಾದರೂ ಹೊರದೇಶದಲ್ಲಿದ್ದಾರೆ. ಅಣ್ಣನೋ ಮಾವನೋ ಆಂಪ್ ತಂದುಕೊಡುತ್ತಾರೆ. ದುಬೈಯಿಂದ ತಂದದ್ದು ಸಾಮಾನ್ಯವಾಗಿ ತೊಂದರೆ ಇಲ್ಲ, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಮಾತ್ರ ಬೇರೆ. ಅಮೆರಿಕದಿಂದ ತಂದದ್ದಾದರೆ ನಿಲ್ಲಿ. ಅಲ್ಲಿನದು 120 ವೋಲ್ಟ್. ಟ್ರಾನ್ಸ್‌ಫಾರ್ಮರ್ ಇರುವ ಅಮೆರಿಕದ ಆಂಪನ್ನು ನಮ್ಮ ಪ್ಲಗ್ಗಿಗೆ ಹಾಕಿದರೆ ಕ್ಷಣದಲ್ಲಿ ಸುಡುತ್ತದೆ. ಹಿಂಬದಿಯ ಚೀಟಿ ಓದಿ. 100–240 ಅಂತ ಬರೆದಿದ್ದರೆ ನೇರವಾಗಿ ಹಾಕಬಹುದು. ಬರೀ 120 ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕ ಸೇರಿದರೆ ಹಗುರದ ಆಂಪ್ ತಂದು ಏನು ಬಂತು? ಸ್ವಿಚಿಂಗ್ ಸಪ್ಲೈಗೆ ಇನ್ನೊಂದು ಗುಣ ಇದೆ. ಮದುವೆ ಮನೆಯ ಜನರೇಟರಿನಲ್ಲಿ ವೋಲ್ಟೇಜ್ ಆ ಮಿತಿಯೊಳಗೆ ಏರಿಳಿದರೂ 100–240ರ ಆಂಪ್ ತಡೆದುಕೊಳ್ಳುತ್ತದೆ.

ಅರ್ತಿಂಗ್ ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ಹಮ್ (ಗುಂಯ್ ಅನ್ನುವ ಕರೆಂಟಿನ ಸದ್ದು) ಬರುತ್ತದೆ ಅಂತ ಮೂರನೇ ಪಿನ್ ಕತ್ತರಿಸುವವರಿದ್ದಾರೆ. ಗಿಟಾರಿನ ತಂತಿ ಆಂಪಿನ ಗ್ರೌಂಡಿಗೆ ಸೇರಿರುತ್ತದೆ. ಮೈಕು ಬೇರೆ ಸೆಟ್ಟಿನ ಗ್ರೌಂಡಿಗೆ. ಒಂದು ಕಡೆ ಅರ್ತಿಂಗ್ ಇಲ್ಲದೆ ಒಳಗೆ ಏನಾದರೂ ಕೆಟ್ಟರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರ ಮೈಯಲ್ಲಿ ಕರೆಂಟ್ ಹರಿಯುತ್ತದೆ. ಮಳೆಗಾಲದಲ್ಲಿ ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತವರ ಜೀವದ ಪ್ರಶ್ನೆ ಇದು. ಹಮ್ ಹೋಗಬೇಕಾದರೆ ಆಂಪನ್ನು ಮೈಕ್ ಸೆಟ್ಟಿನ ಪ್ಲಗ್ ಬೋರ್ಡಿಗೇ ಹಾಕಿ. ಅಲ್ಲಿಗೆ ಲೈನ್ ಕಳಿಸುವಾಗ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ಲನ್ನು ಮೈಕ್ ಸೆಟ್ಟಿಗೆ ಹೊಂದಿಸಿ ಕಳಿಸುವ ಪುಟ್ಟ ಪೆಟ್ಟಿಗೆ) ಬಳಸಿ. ಪಿನ್ ಮುಟ್ಟಬೇಡಿ.

ಬ್ಯಾಟರಿ ಆಂಪ್? ಮಳೆಗಾಲದಲ್ಲಿ ಕರೆಂಟ್ ಹೋಗುತ್ತಾ ಬರುತ್ತಾ ಇರುವ ಊರಿನಲ್ಲಿ ಮನೆ ಅಭ್ಯಾಸಕ್ಕೆ ಚೆನ್ನ. ರೋಲ್ಯಾಂಡ್ ಮೈಕ್ರೊ ಕ್ಯೂಬ್ ಆರು ಎಎ ಸೆಲ್ಲಿನಲ್ಲಿ ನಡೆಯುತ್ತದೆ. ಡ್ರಮ್ ಜೊತೆ ಅದನ್ನು ನಂಬಬೇಡಿ.

ಕಡಲ ಗಾಳಿಗೆ ಜ್ಯಾಕ್, ನಾಬ್ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ. ವಾರಕ್ಕೊಮ್ಮೆಯಾದರೂ ಆಂಪ್ ಆನ್ ಮಾಡಿ ಒಳಗೆ ಬಿಸಿಯಾಗಲು ಬಿಡಿ, ನಾಬ್‌ಗಳನ್ನು ಪೂರ್ತಿ ಆಚೆ ಈಚೆ ತಿರುಗಿಸಿ. ಕ್ಲಾಸ್ ಡಿ ಬೋರ್ಡ್ ಕೆಟ್ಟರೆ ಊರಿನ ರಿಪೇರಿ ಅಂಗಡಿಯಲ್ಲಿ ಸರಿಯಾಗುವುದು ಕಷ್ಟ, ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಹಗುರಕ್ಕೆ ನಾವು ಕೊಡುವ ನಿಜವಾದ ಬೆಲೆ ಇದು. ಹಾಗಾಗಿ ಬಿಲ್ಲು, ಗ್ಯಾರಂಟಿ ಕಾರ್ಡು ಇಲ್ಲದೆ ಕೊಳ್ಳಬೇಡಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ಒಯ್ಯಿರಿ. ಕುತ್ತಿಗೆ ಬದಿಯ ಪಿಕಪ್, ಟೋನ್ ಅರ್ಧಕ್ಕಿಂತ ಕೆಳಗೆ. ಆಂಪಿನ ರಿವರ್ಬ್ (ಮಾರ್ದನಿ) ಸೊನ್ನೆ ಮಾಡಿ, ಅಂಗಡಿಯವರು ಮೊದಲೇ ಅದನ್ನು ಏರಿಸಿಟ್ಟಿರುತ್ತಾರೆ. ಮೊದಲು ದಪ್ಪ ತಂತಿಯಲ್ಲಿ ಒಂದೊಂದೇ ಫ್ರೆಟ್ ಏರುತ್ತಾ ಐದು ಸ್ವರ ನುಡಿಸಿ. ಯಾವುದಾದರೂ ಒಂದು ಸ್ವರ ಮಾತ್ರ ಉಬ್ಬಿ ಬಂದರೆ ಅದು ಬಾಕ್ಸಿನ ದೋಷ, ನಾಬಿನಿಂದ ಸರಿಹೋಗುವುದು ಕಷ್ಟ. ಆಮೇಲೆ ಮೊದಲ ತಂತಿಯ 12ನೇ ಫ್ರೆಟ್ಟಿನ ಸುತ್ತ ಒಂದು ಸಾಲು ನುಡಿಸಿ. ಸ್ವರ ದುಂಡಗೆ ಇರಬೇಕು, ಸೂಜಿಯಂತೆ ಚುಚ್ಚಬಾರದು. ಆಮೇಲೆ ಐದು ಸ್ವರದ ಕಾರ್ಡನ್ನು ನೀವು ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ಬಾರಿಸಿ, ಒಳಗಿನ ಸ್ವರ ಒಂದೊಂದೂ ಕೇಳುತ್ತದೆಯೇ ನೋಡಿ. ಕೊನೆಗೆ ಜೊತೆಗೆ ಬಂದವರಿಗೆ ಗಿಟಾರ್ ಕೊಟ್ಟು ಹದಿನೈದು ಅಡಿ ದೂರ ನಿಂತು ಕೇಳಿ.

ಹುಡುಗರೊಬ್ಬರು ಆಗಲೇ ಕೇಳಿದರು, ಇಷ್ಟು ದುಬಾರಿ ಆಂಪ್‌ಗಳ ಹೆಸರು ಹೇಳಿದಿರಿ, ನಮ್ಮಂಥವರು ಏನು ಮಾಡಬೇಕು ಅಂತ. ಒಳ್ಳೆಯ ಪ್ರಶ್ನೆ. ಒಂದು ದಾರಿ ಇದೆ. ಪುಟ್ಟ ಕ್ಲಾಸ್ ಡಿ ಹೆಡ್, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್, ಕೊಳ್ಳಿ. ಒಂದೆರಡು ಕಿಲೋ ತೂಗುವ ಇವು ಗಿಟಾರ್ ಚೀಲದ ಜೇಬಿನಲ್ಲೇ ಹಿಡಿಯುತ್ತವೆ. ನಿಯೋಡೈಮಿಯಂ ಸ್ಪೀಕರ್ ಒಂದನ್ನು ತರಿಸಿ. ಬಾಕ್ಸನ್ನು ಇಲ್ಲಿನ ಬಡಗಿಯವರಿಂದ ಮಾಡಿಸಿ. 45 ಸೆಂಟಿಮೀಟರ್ ಚೌಕ, 25 ಸೆಂಟಿಮೀಟರ್ ಆಳದ ಬಾಕ್ಸಿಗೆ 18 ಮಿಲಿಮೀಟರ್ ಪ್ಲೈವುಡ್ ಹಾಕಿದರೆ ಮರವೇ ಸುಮಾರು 9 ಕಿಲೋ ಆಗುತ್ತದೆ. 12 ಮಿಲಿಮೀಟರ್ ಹಾಕಿದರೆ 6 ಕಿಲೋ. ತೆಳ್ಳಗಿನ ಹಲಗೆ ನಡುಗದಂತೆ ಹಿಂಬದಿಗೆ ಒಂದು ಅಡ್ಡಪಟ್ಟಿ ಕೊಡಿಸಿ. ಸ್ಪೀಕರ್ ಕೂರುವ ಹಲಗೆ ಮಾತ್ರ 18ರದ್ದೇ ಇರಲಿ, ಅದರಿಂದ ಒಂದು ಕಿಲೋ ಏರುತ್ತದೆ ಅಷ್ಟೇ. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ, ಅದು ಭಾರ, ಮೇಲಿಂದ ನಮ್ಮ ಮಳೆಗೆ ಉಬ್ಬುತ್ತದೆ. ಕೊಳ್ಳುವ ಮೊದಲು ಹೆಡ್ ಎಷ್ಟು ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಎಷ್ಟು ವಾಟ್ ಕೊಡುತ್ತದೆ ಅಂತ ಓದಿ. ಕೆಲವು 4 ಓಮಿಗೆ ಪೂರ್ತಿ ವಾಟ್ ಬರೆದಿರುತ್ತವೆ, 8 ಓಮ್ ಸ್ಪೀಕರ್ ಹಾಕಿದರೆ ಸುಮಾರು ಅರ್ಧ ಮಾತ್ರ ಸಿಗುತ್ತದೆ. ಬಾಕ್ಸಿನ ಅಳತೆಯ ಚಿತ್ರ ಬೇಕಾದವರು ಈಗ ಮುಂದೆ ಬನ್ನಿ, ಬರೆದುಕೊಡುತ್ತೇನೆ.